ಆ ಕಂಪ್ಯೂಟರ್ ಯಾವ ಕೋಣೆಯಲ್ಲಿದೆ?

ಪ್ರಶ್ನೆ: ನಮ್ಮದು ಶಿರಸಿಯ ಒಂದು ಕಾಲೇಜು. ಮೂರು ಕಟ್ಟಡ, ಇನ್ನೂರಕ್ಕೂ ಜಾಸ್ತಿ ಕಂಪ್ಯೂಟರ್. ಒಂದು ಐಪಿ ವಿಳಾಸದಿಂದ ವೈರಸ್ ಹರಡುತ್ತಿದೆ ಎಂದು ಫೈರ್‌ವಾಲ್ ದಿನಾ ತೋರಿಸುತ್ತದೆ. ಕೋಣೆ ಕೋಣೆ ಸುತ್ತಿ ಸಾಕಾಯಿತು. ಏನು ಮಾಡಲಿ ಸರ್?
– ಲ್ಯಾಬ್ ಸಹಾಯಕ, ಶಿರಸಿ

ಉತ್ತರ: ಮೊದಲು ಸುತ್ತುವುದನ್ನು ನಿಲ್ಲಿಸಿ. ಐಪಿ ವಿಳಾಸ ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಕೊಟ್ಟ ನಂಬರ್. ಅದರಲ್ಲಿ ಕೋಣೆಯ ಗುರುತು ಇರುವುದಿಲ್ಲ, ಇವತ್ತು ಒಂದು ಕಂಪ್ಯೂಟರಿಗೆ ಇದ್ದದ್ದು ನಾಳೆ ಇನ್ನೊಂದಕ್ಕೆ ಹೋಗಬಹುದು. ನಿಮಗೆ ಬೇಕಾದದ್ದು ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು, ಅಂಕಿ ಅಕ್ಷರ ಸೇರಿ 12. ಆ ಐಪಿಗೆ ಪಿಂಗ್ ಕೊಡಿ, ಅಂದರೆ ‘ಇದ್ದೀಯಾ’ ಎಂದು ಕೇಳುವ ಸಣ್ಣ ಸಂದೇಶ ಕಳಿಸಿ. ಉತ್ತರ ಬರದಿದ್ದರೂ ಚಿಂತೆ ಬೇಡ, ಕೂಡಲೇ ನಿಮ್ಮ ಕಂಪ್ಯೂಟರಿನ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ನೋಡಿ, ಅಲ್ಲಿ ಮ್ಯಾಕ್ ಇರುತ್ತದೆ. ಆ ಕಂಪ್ಯೂಟರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ, ಅಂದರೆ ನೆಟ್‌ವರ್ಕಿನ ಬೇರೆ ಭಾಗದಲ್ಲಿದ್ದರೆ, ಆ ಭಾಗಗಳನ್ನು ಜೋಡಿಸುವ ರೂಟರಿನ ಪಟ್ಟಿಯನ್ನೇ ನೋಡಬೇಕು. ಮೊದಲ 6 ಅಕ್ಷರದಿಂದ ಕಾರ್ಡ್ ಮಾಡಿದ ಕಂಪನಿ ಯಾವುದೆಂದು ಗೊತ್ತಾಗುತ್ತದೆ. ಕಂಪನಿಯೇ ಸಿಗಲಿಲ್ಲವೇ? ವೈಫೈಯಲ್ಲಿ ಬದಲಿ ಮ್ಯಾಕ್ ಹಾಕಿಕೊಂಡ ಫೋನ್ ಇರಬಹುದು.

ಈಗ ಮುಖ್ಯ ಸ್ವಿಚ್‌ಗೆ, ಅಂದರೆ ನೆಟ್‌ವರ್ಕ್ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಗೆ, ಲಾಗಿನ್ ಆಗಿ, ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ (ಕೇಬಲ್ ಸಿಕ್ಕಿಸುವ ಕಿಂಡಿ) ನೋಡಿ. ಹೀಗೆ ಲಾಗಿನ್ ಆಗಲು ಬರುವ ‘ಮ್ಯಾನೇಜ್ಡ್’ ಸ್ವಿಚ್ ಆದರೆ ಮಾತ್ರ ಇದು ಸಾಧ್ಯ. ಒಂದೇ ಪೋರ್ಟಿನಲ್ಲಿ ಹತ್ತಾರು ಮ್ಯಾಕ್ ಕಂಡರೆ ಆ ಕೇಬಲ್ಲಿನ ತುದಿಯಲ್ಲಿ ಇನ್ನೊಂದು ಸ್ವಿಚ್ಚೋ ವೈಫೈ ಪೆಟ್ಟಿಗೆಯೋ ಇದೆ ಅಂತ ಅರ್ಥ. ಸ್ವಿಚ್ಚಾದರೆ ಅದಕ್ಕೆ ಹೋಗಿ, ಮತ್ತೆ ಹುಡುಕಿ, ಹೀಗೆ ಒಂಟಿ ಮ್ಯಾಕ್ ಇರುವ ಪೋರ್ಟ್ ಸಿಗುವ ತನಕ. ಈ ಹೊತ್ತಿನಲ್ಲಿ ಪಿಂಗ್ ಓಡುತ್ತಲೇ ಇರಲಿ, ಯಾಕೆಂದರೆ 5 ನಿಮಿಷ ಸದ್ದಿಲ್ಲದಿದ್ದರೆ ಅನೇಕ ಸ್ವಿಚ್‌ಗಳು ಆ ಮ್ಯಾಕನ್ನು ಪಟ್ಟಿಯಿಂದ ತೆಗೆದುಬಿಡುತ್ತವೆ. ಕೊನೆಯ ಸ್ವಿಚ್ ಸಿಕ್ಕಿತೆಂದರೆ ಜಾಗವೂ ಕಿರಿದಾಯಿತು, ತಾಮ್ರದ ಕೇಬಲ್ಲಿನ ಮಿತಿಯೇ 100 ಮೀಟರ್ ಅಲ್ವಾ?

ಆಮೇಲಿನದೇ ಕಷ್ಟ. ಕಾರವಾರದ ಒಂದು ಕಚೇರಿಯಲ್ಲಿ ನನಗೆ ಪೋರ್ಟ್ ಅರ್ಧ ಗಂಟೆಯಲ್ಲಿ ಸಿಕ್ಕಿತ್ತು, ಕಂಪ್ಯೂಟರ್ ಸಿಗಲು ಎರಡು ದಿನ ಬೇಕಾಯಿತು. ಗೋಡೆಯ ಸಾಕೆಟ್‌ಗಳಿಗೆ ನಂಬರೇ ಇರಲಿಲ್ಲ. ಮಳೆಗಾಲದಲ್ಲಿ ಕೋಣೆ ಸೋರಿದಾಗ ಆ ಕಂಪ್ಯೂಟರನ್ನು ಕಪಾಟಿನ ಹಿಂದೆ ಸರಿಸಿ, ಆನ್ ಇದ್ದ ಹಾಗೇ ಬಿಟ್ಟಿದ್ದರು. ಅಂದಿನಿಂದ ನಾನು ಹೋದಲ್ಲೆಲ್ಲ ಸಾಕೆಟ್‌ಗೂ ಸ್ವಿಚ್ ಪೋರ್ಟಿಗೂ ಒಂದೇ ನಂಬರ್ ಅಂಟಿಸಿ ಬರುತ್ತೇನೆ.

ನಿಮ್ಮಲ್ಲೂ ನಂಬರ್ ಇಲ್ಲದಿದ್ದರೆ ಆ ಪೋರ್ಟನ್ನು ಬಂದ್ ಮಾಡಿ. ಆ ಕಂಪ್ಯೂಟರಿನಿಂದ ವೈರಸ್ ಹರಡುವುದು ಅಲ್ಲೇ ನಿಲ್ಲುತ್ತದೆ, ಯಾರಾದರೂ ‘ನೆಟ್ ಇಲ್ಲ’ ಅಂತ ಫೋನ್ ಮಾಡಿದರೆ ಕೋಣೆಯೂ ಗೊತ್ತಾಗುತ್ತದೆ. ಆದರೆ ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವ ದಿನವಾದರೆ ಮೊದಲು ಪ್ರಾಂಶುಪಾಲರಿಗೆ ಒಂದು ಮಾತು ಹೇಳಿ.