ಹವಾಯಿಯಲ್ಲೂ ನಮ್ಮ ಗೊರವಂಕವೇ?

ಪ್ರಶ್ನೆ: ಮಗಳ ಮನೆಗೆಂದು ಹವಾಯಿಯ ಹೊನೊಲುಲುವಿಗೆ ಹೋಗಿದ್ದೆ. ಪೆಸಿಫಿಕ್ ಸಾಗರದ ನಟ್ಟನಡುವೆ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳಲ್ಲವೇ, ಕಂಡರಿಯದ ಹಕ್ಕಿಗಳು ಸಿಗುತ್ತವೆಂದು ಹೊಸ ದುರ್ಬೀನನ್ನೇ ಕೊಂಡಿದ್ದೆ. ತಿಂಗಳಿಡೀ ಕಂಡದ್ದು ಗೊರವಂಕ, ಪಿಕಳಾರ, ಬೆಳವ! ಇವು ನಮ್ಮ ಹಿತ್ತಲಲ್ಲೇ ಇವೆ. ನನ್ನ ಕಣ್ಣು ಮೋಸ ಮಾಡಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಣ್ಣಿಗೇನೂ ಆಗಿಲ್ಲ. ನೀವು ಕಂಡ ಗೊರವಂಕ ಅಪ್ಪಟ ನಮ್ಮದೇ. ಬೆಳೆ ಮೇಯುವ ಸೈನಿಕ ಹುಳುಗಳನ್ನು ತಿನ್ನಲಿ ಎಂದು 1865ರಲ್ಲಿ ಭಾರತದಿಂದ ತರಿಸಿದ್ದರು. ಮೆಕ್ಕೆಜೋಳದ ಊರಿನವರಾದ ನಿಮಗೆ ಆ ಹುಳುವನ್ನು ಪರಿಚಯಿಸಬೇಕಿಲ್ಲ. ಬಾಲದ ಬುಡ ಕೆಂಪಗಿರುವ ಪಿಕಳಾರ 1960ರ ದಶಕದಲ್ಲಿ ಹೊನೊಲುಲು ಇರುವ ಓವಾಹು ದ್ವೀಪ ಸೇರಿತು. ಈಗ ಹಣ್ಣಿನ ತೋಟದವರು ಅದರ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ. ಹುಲ್ಲಿನಲ್ಲಿ ಮುಂಗುಸಿಯೂ ಕಂಡಿರಬೇಕಲ್ಲ? ಅದರ ಮೂಲವೂ ನಮ್ಮಲ್ಲೇ. 1872ರಲ್ಲಿ ಕಲ್ಕತ್ತದಿಂದ ಜಮೈಕಾಗೆ ಹೋಗಿ, ಅಲ್ಲಿಂದ 1883ರಲ್ಲಿ ಹವಾಯಿಗೆ ಬಂತು. ಕಬ್ಬಿನ ಗದ್ದೆಯ ಇಲಿ ಹಿಡಿಯುವುದು ಅದರ ಕೆಲಸ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಎರಡೂ ಸುಖವಾಗಿವೆ; ಮೊಟ್ಟೆ ಕಳೆದುಕೊಂಡದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು.

ಹವಾಯಿಯ ಸ್ವಂತ ಕಾಡುಹಕ್ಕಿಗಳು ಕೆಳಗೆ ಸಿಗುವುದು ಅಪರೂಪ. ಕಾರಣ, ಸೊಳ್ಳೆ. ಆ ದ್ವೀಪಗಳಲ್ಲಿ ಸೊಳ್ಳೆ ಎಂಬುದೇ ಇರಲಿಲ್ಲ. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳಲ್ಲಿ ಮರಿಹುಳುಗಳು ಬಂದು ಮಾವಿ ದ್ವೀಪದಲ್ಲಿ ಇಳಿದವು. ಆಮೇಲೆ ಹೊರಗಿನ ಹಕ್ಕಿಗಳ ರಕ್ತದಲ್ಲಿ ಹಕ್ಕಿ ಮಲೇರಿಯವೂ ಬಂತು. ಗೊರವಂಕದಂಥವು ಅದಕ್ಕೆ ಒಗ್ಗಿಕೊಂಡಿದ್ದವು. ಅಲ್ಲಿನವಕ್ಕೆ ಅದರ ಗಂಧಗಾಳಿ ಇರಲಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಏಷ್ಯಾದಿಂದ ಹಾರಿಹೋದ ಒಂದೇ ಫಿಂಚ್ ಕುಲದಿಂದ ಹುಟ್ಟಿದ, ಹನಿಕ್ರೀಪರ್ ಎಂಬ ಅಲ್ಲಿನ ಕಾಡುಹಕ್ಕಿಗಳು ಐವತ್ತಕ್ಕೂ ಹೆಚ್ಚು ಬಗೆ ಇದ್ದವು. ಉಳಿದಿರುವುದು ಹದಿನೇಳರಷ್ಟು. ಅವುಗಳಲ್ಲಿ ಹೆಚ್ಚಿನವು ಚಳಿಗೆ ಸೊಳ್ಳೆ ಹೆದರುವ ಎತ್ತರದಲ್ಲಿ, ಸುಮಾರು ಐದು ಸಾವಿರ ಅಡಿಯ ಮೇಲೆ, ಜೀವ ಹಿಡಿದುಕೊಂಡಿವೆ.

ಹಾಗಾಗಿ ಮುಂದಿನ ಸಲ ಬೆಟ್ಟ ಹತ್ತಿ. ನಾನು ಹೋದದ್ದು ಮಾವಿಯ ಹಾಲೆಅಕಲಾ ಉದ್ಯಾನದ ಹಾಸ್ಮರ್ ತೋಪಿಗೆ. ಎತ್ತರ 6,800 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚು. ಕಡಲತೀರದ ಊರೆಂದು ತೆಳು ಅಂಗಿಯಲ್ಲಿ ಹೊರಟ ನನಗೆ ಬೆಳಗಿನ ಏಳು ಗಂಟೆಗೆ ಹಲ್ಲು ಕಟಕಟ. ಹೆಂಡತಿಯ ಶಾಲನ್ನು ಕಿತ್ತುಕೊಂಡು ಹೊದ್ದೆ. ಆ ವಿಚಾರ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮಂಜಿನೊಳಗಿಂದ ಬಾವಿಯ ರಾಟೆ ಕಿರುಗುಟ್ಟಿದಂಥ ದನಿ ಬಂತು. ಇಲ್ಲೆಲ್ಲಿಯ ಬಾವಿ ಎಂದು ತಿರುಗಿದರೆ ಕೊಂಬೆಯ ಮೇಲೆ ಇಈವಿ, ಆ ಹನಿಕ್ರೀಪರ್‌ಗಳಲ್ಲೊಂದು! ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂಥ ಮೈ, ಕಪ್ಪು ರೆಕ್ಕೆ, ಕುಡುಗೋಲಿನಂತೆ ಬಾಗಿದ ಕಿತ್ತಳೆಗೆಂಪು ಕೊಕ್ಕು. ಹೂವಿನಿಂದ ಹೂವಿಗೆ ಜಿಗಿಯುವಾಗ ರೆಕ್ಕೆಯ ಫರಫರ ಸದ್ದು ಕೇಳಿಸುವಷ್ಟು ಹತ್ತಿರ. ನಮ್ಮ ಸೂರಕ್ಕಿಯ ಸಂಬಂಧಿ ಎಂದು ಯಾರಿಗಾದರೂ ಅನ್ನಿಸೀತು, ಏನೇನೂ ಅಲ್ಲ. ಮಕರಂದ ಹೀರುವ ಕಸುಬು ಒಂದೇ, ಅಷ್ಟೆ. ರೋಗ ಹೊತ್ತ ಸೊಳ್ಳೆ ಒಮ್ಮೆ ಕಚ್ಚಿದರೆ ಸಾಕು, ಹತ್ತರಲ್ಲಿ ಒಂಬತ್ತು ಇಈವಿಗಳು ಸಾಯುತ್ತವೆ.

ಕಾಡಿಗೆ ಕಾಲಿಡುವ ಮುನ್ನ ಬೂಟಿನ ಮಣ್ಣು ಉಜ್ಜಿ ತೆಗೆದು ಸ್ಪಿರಿಟ್ ಸಿಂಪಡಿಸಿಕೊಳ್ಳಿ. ಈ ಹಕ್ಕಿಗಳಿಗೆ ಉಣಿಸುವ ಓಹಿಅ ಮರಗಳನ್ನು ಕೊಲ್ಲುವ ಶಿಲೀಂಧ್ರ ಕಾಲಿಗಂಟಿದ ಮಣ್ಣಿನಲ್ಲೂ ಸಾಗುತ್ತದೆ.

ಪ್ರಶ್ನೆ: ಹಕ್ಕಿಗಳನ್ನು ಉಳಿಸಲು ಹವಾಯಿಯಲ್ಲಿ ಹೆಲಿಕಾಪ್ಟರಿನಿಂದ ಸೊಳ್ಳೆ ಸುರಿಯುತ್ತಾರೆಂದು ಓದಿದೆ. ಮುದ್ರಣದೋಷವೇ?
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲ, ನಿಜವಾಗಿಯೂ ಸೊಳ್ಳೆಯೇ. ಆದರೆ ಎಲ್ಲವೂ ಗಂಡು, ಗಂಡು ಸೊಳ್ಳೆ ಕಚ್ಚುವುದಿಲ್ಲ. ಅವುಗಳ ಒಡಲಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯದ ಬೇರೊಂದು ತಳಿ ಇರುತ್ತದೆ. ಕಾಡಿನ ಹೆಣ್ಣು ಇವುಗಳೊಡನೆ ಕೂಡಿ ಮೊಟ್ಟೆಯಿಟ್ಟರೆ ಮರಿಯಾಗುವುದಿಲ್ಲ. 2023ರ ನವೆಂಬರಿನಲ್ಲಿ ಮಾವಿಯಲ್ಲಿ ಈ ಕೆಲಸ ಶುರುವಾಯಿತು. ಆತುರ ಏಕೆಂದರೆ, ಭೂಮಿ ಬಿಸಿಯಾದಂತೆ ಸೊಳ್ಳೆ ಬೆಟ್ಟ ಹತ್ತುತ್ತಿದೆ. ಹಕ್ಕಿಗೆ ಅದಕ್ಕಿಂತ ಮೇಲೆ ಹೋಗಲು ಕಾಡೇ ಇಲ್ಲ. ಮಾವಿಯ ಕಿವಿಕಿಯು ಹಕ್ಕಿ ಈಗ ನೂರೈವತ್ತಕ್ಕಿಂತ ಕಡಿಮೆ. ಸೊಳ್ಳೆಗೆ ಸೊಳ್ಳೆಯನ್ನೇ ಛೂ ಬಿಡುವ ಈ ಉಪಾಯ ಫಲಿಸಲಿ ಎಂದು ನಾನಂತೂ ಹರಕೆ ಹೊತ್ತಿದ್ದೇನೆ. ಮುಂಗುಸಿಯಂತೆ ಇದೂ ಎಡವಟ್ಟಾದೀತೇ ಎಂದು ನೀವು ಕೇಳಬಹುದು. ಬಿಟ್ಟ ಗಂಡುಗಳು ಸಂತಾನ ಉಳಿಸದೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಬಿಡುವುದನ್ನು ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮಂಡಿ ನೋವಿರುವ ನನ್ನಂಥವರು ಹವಾಯಿಯಲ್ಲಿ ಬೆಟ್ಟ ಹತ್ತದೆ ನೋಡಬಹುದಾದ ಸ್ಥಳೀಯ ಹಕ್ಕಿ ಒಂದಾದರೂ ಇದೆಯೇ?
– ನಿವೃತ್ತ ಗುಮಾಸ್ತರು, ಧಾರವಾಡ

ಉತ್ತರ: ಇದೆ. ಹೊನೊಲುಲುವಿನ ಕಪಿಓಲಾನಿ ಉದ್ಯಾನದ ಬೆಂಚಿನ ಮೇಲೆ ಕುಳಿತು ತಲೆ ಎತ್ತಿ. ಹಾಲುಬಿಳುಪಿನ ಮನು ಓ ಕೂ ಕಾಣುತ್ತದೆ, ಕಡಲಿನ ರೀವ. ಆ ಊರಿನ ಅಧಿಕೃತ ಪಕ್ಷಿಯೂ ಅದೇ. ಗೂಡು ಕಟ್ಟುವ ರಗಳೆಯೇ ಇಲ್ಲ. ಬರಿಯ ಕೊಂಬೆಯ ಕವಲಿನಲ್ಲಿ ಒಂದೇ ಒಂದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಹೊರಬಂದ ಮರಿ ಮೊದಲ ದಿನದಿಂದಲೇ ಉಗುರೂರಿ ಕೊಂಬೆಯನ್ನು ಕಚ್ಚಿ ಹಿಡಿದಿರುತ್ತದೆ, ಕೆಳಗೆ ವಾಹನಗಳು ಹರಿಯುತ್ತಿರುತ್ತವೆ. ಮರ ಸವರುವವರು ತಿಳಿಯದೆ ಕೊಂಬೆ ಕಡಿಯದಿರಲೆಂದು ಅಂಥ ಮರಗಳಿಗೆ ನೀಲಿ ಪಟ್ಟಿ ಸುತ್ತಿರುತ್ತಾರೆ. ನೀವು ಹುಡುಕಬೇಕಾದದ್ದು ಆ ಪಟ್ಟಿಯನ್ನು.