ಅಣು ವಿದ್ಯುತ್: ದುಬಾರಿ ಯಾಕೆ, ಅಪಾಯ ಎಲ್ಲಿ?

ಪ್ರಶ್ನೆ: ಯುರೇನಿಯಂ ಚೂರೇ ಸಾಕು ಅನ್ನುತ್ತಾರೆ. ಆದರೂ ಅಣು ವಿದ್ಯುತ್ ಯಾಕೆ ದುಬಾರಿ?

ಉತ್ತರ: ಇಂಧನದ ಮಾತು ನಿಜ. 1000 ಮೆಗಾವ್ಯಾಟ್ ಸ್ಥಾವರಕ್ಕೆ ವರ್ಷಕ್ಕೆ ಸುಮಾರು 25 ಟನ್ ಇಂಧನ ಸಾಕು. ಕಲ್ಲಿದ್ದಲಾದರೆ ಹೆಚ್ಚುಕಡಿಮೆ 30 ಲಕ್ಷ ಟನ್ ಬೇಕು. ದುಡ್ಡು ಕರಗುವುದು ನಿರ್ಮಾಣದಲ್ಲಿ, ಅದರಲ್ಲೂ ಅದಕ್ಕೆ ಹಿಡಿಯುವ ಕಾಲದಲ್ಲಿ. ಶೇ 7ರ ಬಡ್ಡಿಗೆ 100 ಕೋಟಿ ಸಾಲವನ್ನು ವರ್ಷವರ್ಷವೂ ಸಮನಾಗಿ ತಂದು ಖರ್ಚು ಮಾಡಿದರು ಅನ್ನಿ. 5 ವರ್ಷಕ್ಕೆ ಕೆಲಸ ಮುಗಿದರೆ ಸಾಲ 119 ಕೋಟಿಯಷ್ಟಾಗಿರುತ್ತದೆ. 10 ವರ್ಷ ಎಳೆದರೆ 143 ಕೋಟಿ. ಹೆಚ್ಚುವರಿ ಸಿಮೆಂಟು, ಕಬ್ಬಿಣ ಏನೂ ಬಿದ್ದಿಲ್ಲ, ಬರೀ ಬಡ್ಡಿ. ಫ್ರಾನ್ಸಿನ ಫ್ಲಾಮಾನ್‌ವಿಲ್‌ನ ಅಣುಸ್ಥಾವರದ ಮೂರನೇ ಘಟಕದ ನಿರ್ಮಾಣ ಶುರುವಾದದ್ದು 2007ರಲ್ಲಿ, ಜಾಲಕ್ಕೆ ವಿದ್ಯುತ್ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ. 330 ಕೋಟಿ ಯೂರೋ ಅಂದಾಜು 1300 ಕೋಟಿ ದಾಟಿತು. ಮುಖ್ಯ ಉಗಿ ಕೊಳವೆಗಳ ಕೆಲವು ಬೆಸುಗೆಗಳಲ್ಲಿ ದೋಷ ಸಿಕ್ಕಿತು. ಅವು ಇದ್ದದ್ದು ರಕ್ಷಣಾ ಕವಚದ ಎರಡು ಗೋಡೆಗಳ ನಡುವೆ. ಕೈ ಹೋಗದ ಆ ಜಾಗಕ್ಕೆ ರೋಬೋಟ್ ಕಳಿಸಿ ಬೆಸುಗೆ ಕಿತ್ತು ಮತ್ತೆ ಹಾಕಬೇಕಾಯಿತು.

ಪ್ರಶ್ನೆ: ಮೆಗಾವ್ಯಾಟಿಗೆ ಎಷ್ಟು ಖರ್ಚು ಅಂತ ಸೌರ ವಿದ್ಯುತ್ತಿನ ಜೊತೆ ಹೋಲಿಸಬಹುದೇ?

ಉತ್ತರ: ಬೇಡ, ಯೂನಿಟ್ ಲೆಕ್ಕ ಹಿಡಿಯಿರಿ. ಶೇ 90 ಹೊತ್ತು ಓಡುವ 1000 ಮೆಗಾವ್ಯಾಟ್ ಅಣುಸ್ಥಾವರ ವರ್ಷಕ್ಕೆ 788 ಕೋಟಿ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಸೌರ ಫಲಕಗಳು, ಶೇ 20ರ ಲೆಕ್ಕದಲ್ಲಿ, 175 ಕೋಟಿ. ಹಾಗಿದ್ದೂ ಹಗಲಿನ ಯೂನಿಟ್ ಸೌರದ್ದೇ ಅಗ್ಗ. ರಾತ್ರಿಗೆ ಬೇಕಾದ ಬ್ಯಾಟರಿಯ ಖರ್ಚು ಸೇರಿಸಿದ ಮೇಲಷ್ಟೇ ಹೋಲಿಕೆಗೆ ಅರ್ಥ.

ಪ್ರಶ್ನೆ: ರಿಯಾಕ್ಟರ್ ನಿಲ್ಲಿಸಿಬಿಟ್ಟರೆ ಅಪಾಯ ಮುಗಿಯಿತಲ್ಲವೇ?

ಉತ್ತರ: ಇಲ್ಲ. ದೊಡ್ಡ ಅಪಾಯವೊಂದು ಅಲ್ಲೇ ಇದೆ. ನಿಯಂತ್ರಣ ಸರಳುಗಳು ಕೆಲವೇ ಸೆಕೆಂಡಿನಲ್ಲಿ ಒಳಹೊಕ್ಕು ವಿದಳನ, ಅಂದರೆ ಯುರೇನಿಯಂ ಪರಮಾಣು ಒಡೆಯುವುದು, ನಿಲ್ಲುತ್ತದೆ. ಆದರೆ ಇಂಧನದಲ್ಲಿ ಕೂಡಿಕೊಂಡ ವಿಕಿರಣಶೀಲ ಧಾತುಗಳು ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ: ನಿಲ್ಲಿಸಿದ ಗಳಿಗೆಯಲ್ಲಿ ಪೂರ್ಣ ಶಾಖದ ಸುಮಾರು ಶೇ 6, ಒಂದು ದಿನದ ನಂತರವೂ ಸುಮಾರು ಶೇ 0.5. 3000 ಮೆಗಾವ್ಯಾಟ್ ಶಾಖದ ರಿಯಾಕ್ಟರಿನಲ್ಲಿ ಅದು ಇನ್ನೂ 15 ಮೆಗಾವ್ಯಾಟ್. ನೀರು ಹರಿಯುತ್ತಲೇ ಇರಬೇಕು.

2011ರಲ್ಲಿ ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ಓಡುತ್ತಿದ್ದ ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತವು. ಸುನಾಮಿಯ ನೀರು ನೆಲಮಾಳಿಗೆಯ ಡೀಸೆಲ್ ಜನರೇಟರ್‌ಗಳನ್ನು, ಸ್ವಿಚ್ ಫಲಕಗಳನ್ನು ಮುಳುಗಿಸಿತು, ಪಂಪು ನಿಂತವು. ಇಂಧನದ ಜಿರ್ಕೋನಿಯಂ ಹೊದಿಕೆ ಕಾದು ಉಗಿಯೊಡನೆ ವರ್ತಿಸಿ ಹೈಡ್ರೋಜನ್ ಹುಟ್ಟಿತು. ಕಟ್ಟಡಗಳನ್ನು ಹಾರಿಸಿದ್ದು ಆ ಹೈಡ್ರೋಜನ್, ಅಣುಬಾಂಬಿನಂಥ ಸ್ಫೋಟವಲ್ಲ. ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವಾ ಸ್ಥಾವರ ಎತ್ತರದ ನೆಲದಲ್ಲಿತ್ತು, ಉಳಿಯಿತು.

ಯಾವುದೇ ಸ್ಥಾವರದ ಬಗ್ಗೆ ಜನ ಕೇಳಬೇಕಾದ್ದು ಇದನ್ನೇ: ಜನರೇಟರ್ ಯಾವ ಮಟ್ಟದಲ್ಲಿದೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಕರೆಂಟೇ ಇಲ್ಲದೆ ನೀರು ಹೇಗೆ ಹೋಗುತ್ತದೆ.

ಪ್ರಶ್ನೆ: ಸಾವಿನ ಲೆಕ್ಕದಲ್ಲಿ ಯಾವುದು ಹೆಚ್ಚು?

ಉತ್ತರ: ಕಲ್ಲಿದ್ದಲು, ಬಹಳ ಮುಂದೆ. 100 ಕೋಟಿ ಯೂನಿಟ್‌ಗೆ ಅಂದಾಜು 25 ಸಾವು, ಬಹುಪಾಲು ಹೊಗೆಯಿಂದ. ಚೆರ್ನೋಬಿಲ್, ಫುಕುಶಿಮಾ ಎರಡನ್ನೂ ಸೇರಿಸಿದರೂ ಅಣು ವಿದ್ಯುತ್ತಿನದು ಗಾಳಿ, ಸೌರದ ಹಾಗೆ 0.1ಕ್ಕಿಂತ ಕಡಿಮೆ. ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಹೆಚ್ಚು ಜೀವ ತೆಗೆದದ್ದು ಅವಸರದ ಸ್ಥಳಾಂತರ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು. ಆಸ್ಪತ್ರೆಯ ಹಾಸಿಗೆ ಹಿಡಿದವರನ್ನು ಯಾವ ವಾಹನದಲ್ಲಿ, ಯಾರ ಜೊತೆ, ಎಲ್ಲಿಗೆ ಸಾಗಿಸಬೇಕೆಂಬುದು ತುರ್ತು ಯೋಜನೆಯಲ್ಲಿ ಮೊದಲೇ ಬರೆದಿರಬೇಕು.