ಎಕ್ಸ್‌ರೇಯಲ್ಲಿ ‘ಹೃದಯ ದೊಡ್ಡದಾಗಿದೆ’ ಎಂದು ಬಂದಿದೆ. ಇದು ಏಕೆ ಆಗುತ್ತದೆ, ತಡೆಯಬಹುದೇ?

ಮೊದಲು ಗಾಬರಿ ಬಿಡಿ. ಹೃದಯ ದೊಡ್ಡದಾಗುವುದು ಸ್ವತಃ ಕಾಯಿಲೆಯಲ್ಲ, ಬೇರೊಂದು ತೊಂದರೆಯ ಗುರುತು. ಹೃದಯದ ನೆರಳು ಎದೆಗೂಡಿನ ಅಗಲದ ಅರ್ಧವನ್ನು ಮೀರಿದರೆ ವರದಿಯಲ್ಲಿ ಹಾಗೆ ಬರೆಯುತ್ತಾರೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದೂ ಉಂಟು. ಎಕೋ (ಶಬ್ದತರಂಗಗಳಿಂದ ಹೃದಯವನ್ನು ನೋಡುವ) ಪರೀಕ್ಷೆ ಮಾಡಿಸಿದರೆ ನಿಜ ತಿಳಿಯುತ್ತದೆ.

ಮುಖ್ಯ ಕಾರಣ ಅಧಿಕ ರಕ್ತದೊತ್ತಡ. ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುವ ಹೃದಯ ಪ್ರತಿ ಬಾರಿಯೂ ಹೆಚ್ಚಿನ ಒತ್ತಡದ ಎದುರು ರಕ್ತ ತಳ್ಳಬೇಕಾದಾಗ, ಮೂಟೆ ಹೊರುವವರ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ತೋಳಿಗೆ ಅದು ಬಲ, ಹೃದಯಕ್ಕಲ್ಲ: ಗೋಡೆ ಪೆಡಸಾಗಿ, ಕೊನೆಗೆ ಸೋತು ಹಿಗ್ಗುತ್ತದೆ. ಹೃದಯಾಘಾತ, ವಿಪರೀತ ಮದ್ಯಪಾನ, ಥೈರಾಯ್ಡ್ ಸಮಸ್ಯೆ, ತೀವ್ರ ರಕ್ತಹೀನತೆ, ವಂಶವಾಹಿ ದೋಷಗಳೂ ಕಾರಣವಾಗಬಹುದು.

ನಮ್ಮಲ್ಲಿ ಕಡೆಗಣಿಸುವುದು ಮಕ್ಕಳ ಗಂಟಲುನೋವನ್ನು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಹಾಳಾಗಿ, ಮುಂದೆ ಹೃದಯ ದೊಡ್ಡದಾಗಬಹುದು. ವೈದ್ಯರು ಕೊಟ್ಟ ಆಂಟಿಬಯಾಟಿಕ್ ಅನ್ನು ಅರ್ಧಕ್ಕೇ ನಿಲ್ಲಿಸಬೇಡಿ.

ನನ್ನ ಅಮ್ಮ ‘ಈಗ ಆರಾಮಾಗಿದ್ದೇನೆ’ ಎಂದು ಬಿಪಿ ಮಾತ್ರೆ ಬಿಟ್ಟಿದ್ದರು. ಆರಾಮಾಗಿದ್ದದ್ದೇ ಮಾತ್ರೆಯಿಂದ! ದಯವಿಟ್ಟು ಆ ತಪ್ಪು ಮಾಡಬೇಡಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಸೇರಿದೆ. ತಂಬಾಕು ಬಿಡಿ, ನಡೆಯಿರಿ.

ಮಲಗಿದಾಗ ಉಸಿರು ಕಟ್ಟಿದರೆ, ಪಾದ ಊದಿ ಬೆರಳೊತ್ತಿದಲ್ಲಿ ಕುಳಿ ಉಳಿದರೆ, ತಡಮಾಡದೆ ಹೃದ್ರೋಗ ತಜ್ಞರನ್ನು ಕಾಣಿರಿ.